ದಾರಿ ಹೇಳುವ ಯಂತ್ರ ಕೊಂಡೆವು, ತುಮರಿಗೆ ಹೋಗಿಬಂದೆವು

ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತು ಹೋಗಿಬಂದವರು ನಿಮ್ಮಲ್ಲಿ ಅನೇಕರಿರಬಹುದು. ಸಾಗರದಿಂದ ಕಾಡಿನ ದಾರಿಯಲ್ಲಿ ಸಾಗಿ, ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು, ಕಾರು ಬಸ್ಸುಗಳ ನಡುವೆ ನಿಂತು ಶರಾವತಿಯ ಹಿನ್ನೀರು ದಾಟಿದ ನೆನಪು ನಿಮಗೂ ಇದ್ದೀತು. ನಮ್ಮ ಮನೆಯವರಿಗೆ ಆ ಹೊಳೆ ಬರೀ ಯಾತ್ರೆಯ ಹೊಳೆಯಲ್ಲ. ನಮ್ಮತ್ತೆಯ ತವರು ಅದರ ತಳದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಮನೆಯವರೆಲ್ಲ ಒಂದೊಂದು ದಿಕ್ಕಿಗೆ ಚದುರಿದರು. ಅತ್ತೆ ಮದುವೆಯಾಗಿ ತಿಪಟೂರಿಗೆ ಬಂದರು, ಅವರ ತಂಗಿ ಹೊಳೆಯ ಆಚೆ ತುಮರಿ ಕಡೆಗೆ ಸೊಸೆಯಾಗಿ ಹೋದರು. ಅಕ್ಕತಂಗಿಯರ ನಡುವೆ ಉಳಿದದ್ದು ಆ ನೀರು, ಮತ್ತು ಸಂಜೆಯಾದರೆ ನಿಂತುಹೋಗುವ ಲಾಂಚು.

ಈಗ ನಾನು ಹೇಳಹೊರಟಿರುವುದು ಕಾರಿನಲ್ಲಿ ದಾರಿ ಹೇಳುವ ಯಂತ್ರದ ವಿಷಯ. ‘ಅದಕ್ಕೂ ಇದಕ್ಕೂ ಏನು ಸಂಬಂಧ?’ ಎನ್ನುತ್ತೀರಾ? ಸ್ವಲ್ಪ ತಾಳಿ, ಹೇಳುತ್ತೇನೆ.

ನಮ್ಮ ಯಜಮಾನರು 2012ರಲ್ಲಿ ಕಾರು ಕೊಂಡಾಗಲೇ ಗಾಜಿಗೆ ಅಂಟಿಸುವ ಅಂಗೈಯಗಲದ ಒಂದು ಜಿ.ಪಿ.ಎಸ್. ಯಂತ್ರವನ್ನೂ ತಂದಿದ್ದರು. ಅದರೊಳಗಿನ ಹೆಣ್ಣುದನಿ ಮಾತಾಡುತ್ತಿದ್ದುದು ಬರೀ ಇಂಗ್ಲಿಷು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಗದರಿಸುತ್ತಿದ್ದ ಅದಕ್ಕೆ ಮಕ್ಕಳು ‘ಟೀಚರಮ್ಮ’ ಎಂದು ಹೆಸರಿಟ್ಟಿದ್ದರು. ಮೊದಮೊದಲು ಟೀಚರಮ್ಮ ಚೆನ್ನಾಗಿಯೇ ಪಾಠ ಹೇಳಿದಳು. ಧರ್ಮಸ್ಥಳ, ಶೃಂಗೇರಿ, ಮಗಳ ಹಾಸ್ಟೆಲು, ಎಲ್ಲಕ್ಕೂ ಅವಳೇ ಮುಂದೆ. ಆಮೇಲಾಮೇಲೆ ಅವಳಿಗೆ ವಯಸ್ಸಾಯಿತು. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದವಲ್ಲ, ಟೀಚರಮ್ಮನಿಗೆ ಅದು ತಿಳಿಯಲೇ ಇಲ್ಲ. ‘ಶಿವಮೊಗ್ಗ’ ಎಂದು ಒತ್ತಿದರೆ ಅಂಥ ಊರೇ ಇಲ್ಲ ಎನ್ನುತ್ತಿದ್ದಳು, ‘ಷಿಮೋಗ’ ಎಂದರೆ ಮಾತ್ರ ಒಪ್ಪುತ್ತಿದ್ದಳು. 2019ರ ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ತಾರೀಖನ್ನು 1999 ಎಂದು ತೋರಿಸತೊಡಗಿದಳು. ಇದು ನಮ್ಮೊಬ್ಬರ ಯಂತ್ರದ ರೋಗವಲ್ಲವಂತೆ. ಜಿ.ಪಿ.ಎಸ್. ವ್ಯವಸ್ಥೆ ವಾರಗಳನ್ನು ಲೆಕ್ಕ ಹಾಕಿ 1,024 ಆದಕೂಡಲೇ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. ಆ ವರ್ಷ ಹಾಗೆ ಆದಾಗ ಅನೇಕ ಹಳೆಯ ಯಂತ್ರಗಳು ಇಪ್ಪತ್ತು ವರ್ಷ ಹಿಂದಕ್ಕೆ ಜಾರಿದವು. ‘ತಾರೀಖು ನೋಡೋದಕ್ಕೆ ಮನೇಲಿ ಕ್ಯಾಲೆಂಡರ್ ಇದೆ, ದಾರಿ ಹೇಳಿದರೆ ಸಾಕು’ ಎಂದು ಇವರು ಸುಮ್ಮನಾದರು. ನಾನೂ ಸುಮ್ಮನಾದೆ. ತಪ್ಪು ಅಲ್ಲಿಂದಲೇ ಶುರುವಾಯಿತು ನೋಡಿ.

2024ರ ಡಿಸೆಂಬರಿನ ಒಂದು ಬೆಳಿಗ್ಗೆ ತುಮರಿಯಿಂದ ಫೋನು ಬಂತು. ಚಿಕ್ಕತ್ತೆಗೆ ಮೈಗೆ ಹುಷಾರಿಲ್ಲ, ‘ಅಕ್ಕನ್ನ ಒಂದ್ಸಲ ನೋಡ್ಬೇಕು’ ಅಂತಾರೆ ಎಂದು. ಅತ್ತೆ ಊಟವನ್ನೂ ಮಾಡದೆ ಸೀರೆ ಬದಲಾಯಿಸಿ ಜಗಲಿಯ ಮೇಲೆ ಕೂತುಬಿಟ್ಟರು. ಹತ್ತೂವರೆಗೆ ಹೊರಟೆವು. ಐದಕ್ಕೆಲ್ಲ ಹೊಳೆಬಾಗಿಲು ತಲುಪಿ ಲಾಂಚು ಹಿಡಿಯಬಹುದು ಎಂಬ ಲೆಕ್ಕ.

ತುಮಕೂರು–ಶಿವಮೊಗ್ಗ ರಸ್ತೆಯನ್ನು ಅಗಲ ಮಾಡಿ ಅಲ್ಲಲ್ಲಿ ಹೊಸ ಬೈಪಾಸು ಹಾಕಿದ್ದಾರಷ್ಟೆ. ಟೀಚರಮ್ಮನ ಪರದೆಯಲ್ಲಿ ಆ ರಸ್ತೆಯೇ ಇಲ್ಲ. ನಾವು ಕಪ್ಪು ಡಾಂಬರಿನ ಮೇಲೆ ಹೋಗುತ್ತಿದ್ದರೆ, ಪರದೆಯಲ್ಲಿ ನಮ್ಮ ಕಾರು ಯಾರದೋ ತೋಟದ ನಡುವೆ ಓಡುತ್ತಿತ್ತು. ‘ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ’ ಎಂದು ಅವಳ ಗಲಾಟೆ. ಇವರು ತಿರುಗಿಸಿಯೂ ತಿರುಗಿಸಿದರು. ಹಳೆಯ ಊರೊಳಗಿನ ರಸ್ತೆಗೆ ಬಿದ್ದು, ಅಂದು ಸಂತೆಯ ದಿನವಾಗಿ, ಎತ್ತಿನ ಗಾಡಿ, ಟೆಂಪೊಗಳ ನಡುವೆ ಮುಕ್ಕಾಲು ಗಂಟೆ ಕಳೆಯಿತು.

ಶಿವಮೊಗ್ಗ ದಾಟಿ ಆಯನೂರಿಗೆ ಬಂದಾಗ ಎಡಕ್ಕೆ ತಿರುಗಿ ಎಂದಳು. ಹಿಂದೆ ಕೂತಿದ್ದ ಅತ್ತೆ ಎಚ್ಚರವಾಗಿಯೇ ಇದ್ದರು. “ಅಲ್ವೋ ಮಗಾ, ಸಾಗರದ ಮೇಲೆ ಹೋಗ್ಬೇಕಲ್ವೇನೋ?” ಎಂದರು. “ಹತ್ತಿರದ ದಾರಿ ಇರಬೇಕಮ್ಮ, ಯಂತ್ರ ಹೇಳುತ್ತೆ, ಸುಮ್ಮನಿರು” ಎಂದರು ಇವರು. ನಾನಾದರೂ ಬಾಯಿಬಿಡಬೇಕಿತ್ತು. ಅತ್ತೆ ಐವತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ದಾರಿ ಅದು. ಆದರೆ ಪರದೆಯ ಮೇಲೆ ನೀಲಿ ಗೆರೆ ಅಷ್ಟು ಸ್ಪಷ್ಟವಾಗಿರುವಾಗ ಎಂಬತ್ತು ದಾಟಿದ ಮುದುಕಿಯ ಮಾತು ಯಾರಿಗೆ ಬೇಕು ಹೇಳಿ?

ರಿಪ್ಪನ್‌ಪೇಟೆಗೆ ಬರುವ ಹೊತ್ತಿಗೆ ಯಂತ್ರದ ಪರದೆ ಎರಡು ಸಲ ಮಿನುಗಿ ಕಪ್ಪಾಯಿತು. ಅಷ್ಟೆ, ಮತ್ತೆ ಏಳಲಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದರೆ ಆತ, “ತುಮರಿಗೆ ಹೋಗೋರು ಎಂತಕ್ಕೆ ಈ ಕಡೆ ಬಂದ್ರಿ ಮಾರಾಯ್ರೆ? ಇದು ಹೊಸನಗರದ ಮೇಲೆ ಸುತ್ತಿ ಹೋಗೋ ದಾರಿ. ರಾತ್ರಿ ಹೊತ್ತು ಗೊತ್ತಿಲ್ದವ್ರಿಗೆ ಕಷ್ಟ. ಆನಂದಪುರಕ್ಕೆ ಹೋಗಿ ಸಾಗರ ಹಿಡೀರಿ, ಲಾಂಚು ಸಿಕ್ರೂ ಸಿಗಬಹುದು” ಎಂದ. ಟೀಚರಮ್ಮನ ನಕಾಶೆಯಲ್ಲಿ ಲಾಂಚಿನ ದಾರಿ ದಾರಿಯೇ ಅಲ್ಲ. ನೀರು ಕಂಡಲ್ಲಿ ಅವಳಿಗೆ ರಸ್ತೆ ಮುಗಿಯಿತು. ಅದಕ್ಕೇ ಸುತ್ತು ಹಾಕಿಸುತ್ತಿದ್ದಳು.

ಹೊಳೆಬಾಗಿಲು ಮುಟ್ಟಿದಾಗ ಕತ್ತಲಾಗಿತ್ತು. ಕೊನೆಯ ಲಾಂಚು ಹೋಗಿಯಾಗಿತ್ತು. ಆಚೆ ದಡದಲ್ಲಿ ಒಂದೆರಡು ದೀಪ. ಅರ್ಧ ಕಟ್ಟಿದ ಹೊಸ ಸೇತುವೆಯ ಕಂಬಗಳು ಮಸುಕಾಗಿ ಕಾಣುತ್ತಿದ್ದವು. ಮೊಬೈಲಿನಲ್ಲಿ ನೆಟ್‌ವರ್ಕ್ ಒಂದು ಗೆರೆ ಬರುವುದು, ಹೋಗುವುದು. ಹೇಗೋ ಒಮ್ಮೆ ಫೋನು ತಾಗಿತು. “ಎಲ್ಲಿದೀರಿ? ಅಮ್ಮ ಕೇಳ್ತಾ ಇದ್ದಾಳೆ, ಅಕ್ಕ ಬಂದ್ಲಾ ಅಂತ” ಎಂದು ಅವರ ಮಗ ಹೇಳುವಷ್ಟರಲ್ಲಿ ಲೈನು ಹೋಯಿತು. ಅತ್ತೆ ನೀರಿನ ಅಂಚಿನವರೆಗೂ ಹೋಗಿ ನಿಂತರು. ಯಾರನ್ನೂ ಬೈಯಲಿಲ್ಲ. “ನಡೀರಿ, ಬೆಳಿಗ್ಗೆ ಬರೋಣ” ಎಂದು ತಾವೇ ಹೇಳಿದರು.

ಸಾಗರದ ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಗಿನ ಮೊದಲ ಲಾಂಚಿಗೆ ದಾಟಿದೆವು. ಅಷ್ಟರಲ್ಲಿ ಚಿಕ್ಕತ್ತೆಯ ಮಾತು ನಿಂತಿತ್ತು. ಕಣ್ಣು ತೆರೆದರು, ಅಕ್ಕನ ಕೈ ಹಿಡಿದರು. ಅಷ್ಟೆ. ನಾಲ್ಕನೆಯ ದಿನ ಹೋಗಿಬಿಟ್ಟರು. ರಾತ್ರಿ ಒಂಬತ್ತರವರೆಗೂ ಚೆನ್ನಾಗಿಯೇ ಮಾತಾಡುತ್ತಿದ್ದರಂತೆ.

ಯಂತ್ರವನ್ನೇ ದೂರಿದರೆ ಏನು ಬಂತು? ಹಳತಾದದ್ದನ್ನು ಬದಲಾಯಿಸದವರು ನಾವು, ಗೊತ್ತಿದ್ದವರ ಮಾತು ಕೇಳದವರೂ ನಾವು. ಊರಿಗೆ ಬಂದ ಮೇಲೆ ಇವರು ಹದಿನೈದು ದಿನ ಕಾರಿನ ತಂಟೆಗೇ ಹೋಗಲಿಲ್ಲ. ಆಮೇಲೆ ನಾನೇ ಹೇಳಿದೆ: “ಹೊಸದು ತರೋಣ. ಆದರೆ ಈ ಸಲ ಆರಿಸೋದು ನಾನು.” ಕುಕ್ಕರು, ಮಿಕ್ಸಿ ಕೊಳ್ಳುವಾಗ ಹತ್ತು ಅಂಗಡಿ ತಿರುಗುವ ನಾವು ಕಾರಿನ ಸಾಮಾನು ಎಂದಕೂಡಲೇ ‘ಅದು ಗಂಡಸರ ವಿಷಯ’ ಎಂದು ಪಕ್ಕಕ್ಕೆ ಸರಿಯುತ್ತೇವಲ್ಲ, ಯಾಕೆ? ಮುಂದಿನ ಸೀಟಿನಲ್ಲಿ ಕೂತು ದಾರಿ ನೋಡುವವರು ನಾವೇ ತಾನೆ?

ಆರಿಸುವ ಮುಂಚೆ ಅದು ಕೆಲಸ ಮಾಡುವ ಬಗೆಯನ್ನು ಮಗಳಿಂದ ಕೇಳಿ ತಿಳಿದುಕೊಂಡೆ. ನಿಮಗೂ ಹೇಳಿಬಿಡುತ್ತೇನೆ, ಇದು ತಿಳಿದರೆ ಅಂಗಡಿಯವರು ನಿಮ್ಮನ್ನು ಏಮಾರಿಸಲಾರರು.

ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿವೆ. ಒಟ್ಟು 24ಕ್ಕೂ ಹೆಚ್ಚು. ಪ್ರತಿಯೊಂದೂ ‘ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ’ ಎಂದು ಸದಾ ಸಾರುತ್ತಿರುತ್ತದೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತನ್ನು ಅಳೆದು, ಯಾವ ಉಪಗ್ರಹ ಎಷ್ಟು ದೂರ ಎಂದು ನಮ್ಮ ಯಂತ್ರ ಲೆಕ್ಕ ಹಾಕುತ್ತದೆ. ಬೇರೆಬೇರೆ ದಿಕ್ಕಿನ ಗುಡಿಯ ಗಂಟೆ ಕೇಳಿ ಊರಿನ ಯಾವ ಬೀದಿಯಲ್ಲಿದ್ದೇವೆ ಎಂದು ಊಹಿಸುತ್ತೇವಲ್ಲ, ಸರಿಸುಮಾರು ಹಾಗೆ. ನಾಲ್ಕು ಉಪಗ್ರಹ ಸಿಕ್ಕರೆ ನಾವಿರುವ ಜಾಗ ಸಿಕ್ಕಿತು. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರು ಹೆಚ್ಚುಕಮ್ಮಿ! ಅದಕ್ಕೇ ಉಪಗ್ರಹಗಳಲ್ಲಿ ಅಣು ಗಡಿಯಾರ ಇಟ್ಟಿರುತ್ತಾರೆ. ನಮ್ಮ ದೇಶದ್ದೇ ಆದ ‘ನಾವಿಕ್’ ವ್ಯವಸ್ಥೆಯೂ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಕೇಂದ್ರವೊಂದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ನಮ್ಮ ಪಕ್ಕದ ಹಾಸನದಲ್ಲೂ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ನಾವು ಹಾಸನಾಂಬೆಯನ್ನು ನೋಡಿ ಬರುತ್ತೇವೆಯೇ ಹೊರತು ಇದನ್ನು ನೆನೆಯುವುದೇ ಇಲ್ಲ!

ಮುಖ್ಯ ವಿಷಯ ಇಷ್ಟು. ಉಪಗ್ರಹದ ಸಂಕೇತ ಪುಕ್ಕಟೆ, ಅದಕ್ಕೆ ಇಂಟರ್‌ನೆಟ್ ಬೇಡ. ಇಂಟರ್‌ನೆಟ್ ಬೇಕಾಗುವುದು ನಕಾಶೆ ತರಿಸಲು, ಮತ್ತು ಎಲ್ಲಿ ಗಾಡಿಗಳ ಜಂಗುಳಿ ಇದೆ ಎಂದು ತಿಳಿಯಲು. ನಕಾಶೆಯನ್ನು ಮನೆಯಲ್ಲೇ ಮೊದಲು ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಾಡಿನಲ್ಲೂ ದಾರಿ ಕಾಣುತ್ತದೆ. ಬೇಳೆ ಬೇಯಿಸಲು ಒಲೆ ಇದ್ದರೆ ಸಾಲದು, ಡಬ್ಬಿಯಲ್ಲಿ ಬೇಳೆಯೂ ಇರಬೇಕಲ್ಲವೆ?

ನಮ್ಮ ಮುಂದೆ ಮೂರು ದಾರಿಗಳಿದ್ದವು. ಹಳೆಯದರಂಥ ಪ್ರತ್ಯೇಕ ಪುಟ್ಟ ಯಂತ್ರ ಒಂದು. ಅದನ್ನು ಈಗ ನಮ್ಮ ಕಡೆಯ ಅಂಗಡಿಗಳಲ್ಲಿ ಇಡುವವರೇ ಕಡಿಮೆ. ಎರಡನೆಯದು, ಇರುವ ಮೊಬೈಲನ್ನೇ ಒಂದು ಸ್ಟ್ಯಾಂಡಿಗೆ ಸಿಕ್ಕಿಸುವುದು. ಖರ್ಚು ಕೆಲವೇ ನೂರು ರೂಪಾಯಿ. ಮಗಳು ಹೇಳಿದ್ದೂ ಇದನ್ನೇ. ಆದರೆ ಬೇಸಿಗೆಯ ಬಿಸಿಲಿಗೆ ಗಾಜಿನ ಹಿಂದೆ ಮೊಬೈಲು ಕಾದು ತಾನೇ ನಿಂತುಹೋಗುವುದುಂಟು. ತಿರುವಿನಲ್ಲೇ ಯಾರದಾದರೂ ಫೋನು ಬಂದರೆ ನಕಾಶೆ ಮರೆಯಾಗುತ್ತದೆ. ಮೂರನೆಯದು, ಕಾರಿನ ಸ್ಟೀರಿಯೊ ತೆಗೆದು ಆ ಜಾಗದಲ್ಲಿ ಕೂರಿಸುವ ದೊಡ್ಡ ಪರದೆ. ಇವರ ಕಣ್ಣು ಅದರ ಮೇಲೆ.

ತುಮಕೂರಿನ ಒಂದು ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ಹತ್ತು ಇಂಚಿನ ಪರದೆ ತೆಗೆದು ಸಿನಿಮಾ ಹಾಡು ಹಾಕಿ ತೋರಿಸಿದ. “ಹಾಡು ಇರಲಿ ಕಣಪ್ಪ, ನೆಟ್‌ವರ್ಕ್ ಇಲ್ಲದ ಕಡೆ ದಾರಿ ತೋರಿಸುತ್ತಾ?” ಎಂದೆ. “ತೋರಿಸುತ್ತೆ ಆಂಟಿ” ಎಂದ. “ಹಾಗಾದರೆ ಇಂಟರ್‌ನೆಟ್ ತೆಗೆದು ತೋರಿಸು.” ತೆಗೆದ. ಪರದೆಯ ತುಂಬ ಬೂದಿ ಬಣ್ಣ, ನಡುವೆ ಒಂದು ಚುಕ್ಕೆ! ಆತ ತಲೆ ಕೆರೆದುಕೊಂಡ. ಆ ಅಂಗಡಿಯಿಂದ ಎದ್ದು ಬಂದೆವು. ಎರಡನೆಯ ಅಂಗಡಿಯ ಯಜಮಾನರು ಸಮಾಧಾನದವರು. ಪರದೆಯ ಒಳಗೇ ಕರ್ನಾಟಕದ ಪೂರ್ತಿ ನಕಾಶೆಯನ್ನು ಇಳಿಸಿ, ಇಂಟರ್‌ನೆಟ್ ತೆಗೆದು, ಕಾರನ್ನು ನಾಲ್ಕು ಬೀದಿ ಓಡಿಸಿ ತೋರಿಸಿದರು. ಅದು ಕನ್ನಡದಲ್ಲಿ ‘ಎಡಕ್ಕೆ ತಿರುಗಿ’ ಎಂದಾಗ ನನಗೆ ನಗು ಬಂತು. ಅಂತೂ ಈ ಟೀಚರಮ್ಮ ನಮ್ಮ ಭಾಷೆಯವಳು! ಹದಿನಾಲ್ಕು ಸಾವಿರ ಹೇಳಿದ್ದನ್ನು ಹನ್ನೆರಡಕ್ಕೆ ಒಪ್ಪಿಸಿ, ಏಳು ಇಂಚಿನದನ್ನೇ ಹಾಕಿಸಿದೆವು. ಅದಕ್ಕಿಂತ ದೊಡ್ಡದಾದರೆ ಇವರ ದೃಷ್ಟಿ ರಸ್ತೆ ಬಿಟ್ಟು ಅಲ್ಲೇ ಇರುತ್ತದೆ ಎಂಬುದು ನನ್ನ ಭಯ.

ನೀವೂ ಕೊಳ್ಳುವುದಾದರೆ ಈ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಂಟರ್‌ನೆಟ್ ತೆಗೆದು ಕಾರು ಓಡಿಸಿ ನೋಡದೆ ಹಣ ಕೊಡಬೇಡಿ. ನಕಾಶೆ ಹೊಸದಾಗುತ್ತಿರುತ್ತದೆಯೇ, ಅದಕ್ಕೆ ವರ್ಷವರ್ಷ ಹಣ ಕಟ್ಟಬೇಕೇ ಎಂದು ಕೇಳಿ. ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಹಾಕಿಸಿ. ಕಂಪನಿಯ ವೈರು ಕತ್ತರಿಸಿದರೆ ವಾರಂಟಿಗೆ ತೊಂದರೆ. ಜಿ.ಪಿ.ಎಸ್. ಆಂಟೆನಾವನ್ನು ತಗಡಿನ ಕೆಳಗೆ ಹುದುಗಿಸದೆ ಗಾಜಿನ ಕೆಳಗೆ, ಆಕಾಶ ಕಾಣುವ ಕಡೆ ಇಡಿಸಿ. ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂದು ಅಂಗಡಿಯ ಹೊರಗೆ ನೋಡಿ. ಎಲ್ಲಕ್ಕಿಂತ ಮುಖ್ಯ, ನಿಮಗೇ ಅದನ್ನು ಬಳಸಲು ಬರಬೇಕು. ಗಾಡಿ ಓಡಿಸುವವರು ಅದನ್ನು ಮುಟ್ಟುತ್ತಾ ಕೂರಬಾರದು. 2020ರ ಅಕ್ಟೋಬರಿನಿಂದ ಬಂದ ನಿಯಮದಂತೆ ದಾರಿ ನೋಡಲು ಮಾತ್ರ ಮೊಬೈಲು ಬಳಸಬಹುದು, ಅದೂ ಓಡಿಸುವವರ ಗಮನ ಕೆಡದಂತೆ.

ಇನ್ನೊಂದು ಮಾತು. ಯಂತ್ರ ಹೊಸದಾದರೂ ಕುರುಡುನಂಬಿಕೆ ಬೇಡ. 2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿಯ ಕಡೆ ಮೊಬೈಲಿನ ನಕಾಶೆ ನೋಡುತ್ತಾ ಹೊರಟಿದ್ದ ಮೂವರು, ಅರ್ಧಕ್ಕೆ ನಿಂತಿದ್ದ ಸೇತುವೆಯಿಂದ ಕಾರುಸಮೇತ ರಾಮಗಂಗಾ ನದಿಗೆ ಬಿದ್ದು ತೀರಿಕೊಂಡರು. ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಆ ಸುದ್ದಿ ಓದಿ ಒಂದು ತಿಂಗಳೂ ಆಗಿರಲಿಲ್ಲ, ನಾವು ಆಯನೂರಿನಲ್ಲಿ ಎಡಕ್ಕೆ ತಿರುಗಿದಾಗ!

ಚಿಕ್ಕತ್ತೆಯ ವರ್ಷಾಬ್ದಿಕಕ್ಕೆ 2025ರ ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಹಿಂದಿನ ರಾತ್ರಿಯೇ ನಾನು ನಕಾಶೆಯನ್ನು ನವೀಕರಿಸಿದೆ. ಹೀಗೆ ಇಳಿಸಿಟ್ಟದ್ದನ್ನು ಆಗಾಗ ನೋಡುತ್ತಿರಬೇಕು, ಇಲ್ಲದಿದ್ದರೆ ಹಳೆಯ ಮಸಾಲೆಪುಡಿಯ ಹಾಗೆ ಡಬ್ಬಿ ಇರುತ್ತದೆ, ಘಮ ಇರುವುದಿಲ್ಲ. ದಾರಿಯ ಊರುಗಳನ್ನು ಕಾಗದದ ಮೇಲೂ ಬರೆದೆ: ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರ. ಬರೆಸಿದವರು ಅತ್ತೆ. ಆಮೇಲೆ ಯಂತ್ರದ ದಾರಿಯನ್ನೂ ಚೀಟಿಯನ್ನೂ ತಾಳೆ ನೋಡಿದೆವು. ಎರಡೂ ಒಂದೇ ಆದಾಗ ಅತ್ತೆ, “ಇದು ಪರವಾಗಿಲ್ಲ, ನಾನು ಹೇಳಿದ್ದನ್ನೇ ಹೇಳುತ್ತೆ” ಎಂದರು.

ಬುತ್ತಿಗೆ ಪುಳಿಯೋಗರೆ, ಮೆಂತ್ಯದ ಚಪಾತಿ, ಕೋಡುಬಳೆ. ದೂರದ ದಾರಿಗೆ ಪುಳಿಯೋಗರೆ ಮಾಡುವಾಗ ಹಸಿ ತೆಂಗಿನಕಾಯಿ ಹಾಕಬೇಡಿ, ಹಳಸುತ್ತದೆ. ನಮ್ಮೂರಿನ ಕೊಬ್ಬರಿಯನ್ನೇ ತುರಿದು ಬೆಚ್ಚಗೆ ಮಾಡಿ ಹಾಕಿ. ಅನ್ನವನ್ನು ಅಗಲದ ತಟ್ಟೆಯಲ್ಲಿ ಹರಡಿ, ಎಣ್ಣೆ ಬಿಟ್ಟು ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿ, ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದರೆ ಸಂಜೆಯವರೆಗೂ ಚೆನ್ನಾಗಿರುತ್ತದೆ.

ಈ ಸಲ ಬೈಪಾಸು ಬೈಪಾಸಾಗಿಯೇ ಕಂಡಿತು. ಆಯನೂರಿನಲ್ಲಿ ‘ನೇರವಾಗಿ ಮುಂದುವರಿಯಿರಿ’ ಎಂದಿತು. ಯಾರೂ ಮಾತಾಡಲಿಲ್ಲ. ಸಾಗರ ಬಿಟ್ಟ ಮೇಲೆ ಮೊಬೈಲಿನ ಗೆರೆಗಳು ಒಂದೊಂದಾಗಿ ಮಾಯವಾದರೂ ಪರದೆಯ ಮೇಲೆ ನಮ್ಮ ಕಾರು ದಾರಿ ತಪ್ಪಲಿಲ್ಲ. ಅಂಬಾರಗೋಡ್ಲು ಬಂತು. ಎದುರಿಗೆ ಸೇತುವೆ! ಆ ವರ್ಷದ ಜುಲೈ 14ರಂದು ಉದ್ಘಾಟನೆಯಾದದ್ದು. ಸುಮಾರು 2.4 ಕಿ.ಮೀ. ಉದ್ದ, ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿದ್ದ ದಪ್ಪ ತಂತಿಗಳು ಎತ್ತಿ ಹಿಡಿದಿವೆ. ಆಚೆ ಕಳಸವಳ್ಳಿ. ಲಾಂಚಿಗೆ ಗಂಟೆಗಟ್ಟಲೆ ಕಾದಿದ್ದ ಜಾಗವನ್ನು ಐದು ನಿಮಿಷದಲ್ಲಿ ದಾಟಿಬಿಡಬಹುದು. ರಾತ್ರಿ ಹನ್ನೆರಡಕ್ಕೂ ದಾಟಬಹುದು, ಬೇಸಿಗೆಯಲ್ಲಿ ನೀರು ತಗ್ಗಿ ಲಾಂಚಿಗೆ ಗಾಡಿ ಹತ್ತಿಸಲಾಗದ ದಿನಗಳಲ್ಲೂ ದಾಟಬಹುದು. ಆ ಕಡೆಯ ಬಸುರಿ ಬಾಣಂತಿಯರಿಗೆ, ಕಾಯಿಲೆಯವರಿಗೆ ಇದೆಂಥ ಆಸರೆ ಎಂಬುದು ಆಚೆ ದಡದಲ್ಲಿ ಬಾಳಿದವರಿಗೇ ಗೊತ್ತು.

ಸೇತುವೆಯ ಮೇಲೆ ಕಾರು ನಿಧಾನ ಮಾಡಿದರು. ಅತ್ತೆ ಮುಂದಕ್ಕೆ ಬಾಗಿ ಪರದೆ ನೋಡಿದರು. ಎಡಕ್ಕೂ ಬಲಕ್ಕೂ ಬರೀ ನೀಲಿ. “ಇದರಲ್ಲಿ ನಮ್ಮೂರು ಎಲ್ಲಿದೆ ತೋರಿಸೇ” ಎಂದರು. ನಾನು ಊರಿನ ಹೆಸರು ಹೇಳಿ ಹುಡುಕಿದೆ. ಅದೇ ಹೆಸರಿನ ಬೇರೆ ಜಿಲ್ಲೆಯ ಊರುಗಳು ಬಂದವು, ಇದು ಬರಲಿಲ್ಲ. “ಸಿಗ್ತಾ ಇಲ್ಲ ಅತ್ತೆ” ಎಂದೆ. ಅವರು ಕಿಟಕಿಯಾಚೆ ಕೈಮಾಡಿ, “ಅದೋ, ಆ ಗುಡ್ಡದ ಬುಡ ಕಾಣುತ್ತಲ್ಲ, ಅಲ್ಲಿಂದ ಈಚೆಗೆ ಗದ್ದೆ. ಗದ್ದೆ ದಾಟಿದರೆ ಮನೆ. ತಂಗಿನ ಸೊಂಟದ ಮೇಲೆ ಕೂರಿಸ್ಕೊಂಡು ಅಲ್ಲೇ ನೀರಿಗೆ ಹೋಗ್ತಿದ್ದೆ” ಎಂದರು. ಇವರು ಪರದೆ ನೋಡಲಿಲ್ಲ, ಅಮ್ಮ ತೋರಿಸಿದ ಕಡೆಗೇ ನೋಡಿದರು. ಹಿಂದಿನಿಂದ ಬಂದ ಬಸ್ಸು ಹಾರನ್ ಹಾಕಿದ ಮೇಲೆ ಮುಂದೆ ಹೋದೆವು.

ಮಧ್ಯಾಹ್ನದೊಳಗೆ ತುಮರಿ ತಲುಪಿದೆವು. ಕಾರ್ಯ ಮುಗಿಸಿ, ಮಾರನೆಯ ದಿನ ಸಿಗಂದೂರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು. ಹಾಗೇ ಮುಂದೆ ಕೊಲ್ಲೂರಿಗೂ ಹೋಗಬಹುದಿತ್ತು, ಅತ್ತೆಗೆ ದಣಿವಾಗಿತ್ತು.

ಹಳೆಯ ಟೀಚರಮ್ಮ ಈಗ ನಮ್ಮ ಮನೆಯ ಡ್ರಾಯರಿನಲ್ಲಿದ್ದಾಳೆ. ಎಸೆಯಲು ಇವರಿಗೆ ಮನಸ್ಸಿಲ್ಲ. ನಿಮ್ಮ ಕಾರಿನಲ್ಲೂ ಅಂಥದೊಂದು ಹಳೆಯದಿದ್ದರೆ ಇಂದೇ ಪರೀಕ್ಷಿಸಿ ನೋಡಿ, ನಾಳೆಗೆ ತಳ್ಳಬೇಡಿ. ಮುಖ್ಯವಾದ ಪ್ರಯಾಣ ನಮ್ಮನ್ನು ಕೇಳಿಕೊಂಡು ಬರುವುದಿಲ್ಲ. ಹೊಸದು ಹಾಕಿಸಿದರೂ ಹಿಂದಿನ ಸೀಟಿನಲ್ಲಿ ದಾರಿ ಬಲ್ಲ ಹಿರಿಯರಿದ್ದರೆ ಮೊದಲು ಅವರನ್ನು ಒಂದು ಮಾತು ಕೇಳಿ. ಕೇಳಿದರೆ ನಷ್ಟವೇನು, ಏನಂತೀರಿ?